ಸಿಆರ್‌ಟಿ ಬಿಟ್ಟು ವಿಡಿಯೊ ಯೂನಿಟ್‌ಗೆ ಹೋದರೆ ಏನು ಲಾಭ?

ಫ್ರೀ ಪಾಸ್ಕಲ್‌ನ (ಪಾಸ್ಕಲ್ ಭಾಷೆಯ ಕಂಪೈಲರ್) ಸಿಆರ್‌ಟಿ ಯೂನಿಟ್‌ನಲ್ಲಿ, ಅಂದರೆ ಅಕ್ಷರಗಳ ಪರದೆಗೆ ಬರೆಯುವ ಲೈಬ್ರರಿಯಲ್ಲಿ, ಪ್ರತಿ ಸಲ ಪರದೆ ಅಳಿಸಿ ಟೇಬಲ್ ಬರೆದಾಗ ಮಿನುಗುತ್ತದೆ, ಅದೇ ಫ್ರೀ ಪಾಸ್ಕಲ್‌ನ ವಿಡಿಯೊ ಯೂನಿಟ್‌ನಲ್ಲಿ ಇದಕ್ಕೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ, ಅದರ ಮುಖ್ಯ ಗುಣವೇ ಅದು. ನೀವು ನೇರವಾಗಿ ಪರದೆಗೆ ಬರೆಯುವುದಿಲ್ಲ, ವಿಡಿಯೊಬಫ್ ಅನ್ನೋ ಬಫರ್‌ಗೆ (ಮೆಮೊರಿಯಲ್ಲಿರುವ ತಾತ್ಕಾಲಿಕ ಪ್ರತಿಗೆ) ಬರೆಯುತ್ತೀರಿ. ಪರದೆಯ ಒಂದೊಂದು ಜಾಗಕ್ಕೆ 16 ಬಿಟ್: ಕೆಳಗಿನ ಬೈಟ್ ಅಕ್ಷರ, ಮೇಲಿನದು ಬಣ್ಣ. ಎಲ್ಲ ಬರೆದಾದ ಮೇಲೆ ಅಪ್‌ಡೇಟ್‌ಸ್ಕ್ರೀನ್ ಕರೆಯಿರಿ. ಫಾಲ್ಸ್ ಕೊಟ್ಟರೆ ಹಳೆಯದಕ್ಕೆ ಹೋಲಿಸಿ ಬದಲಾದಷ್ಟನ್ನೇ ಕಳಿಸುತ್ತದೆ. ಟ್ರೂ ಕೊಟ್ಟರೆ ಪೂರ್ತಿ ಪರದೆ ಮತ್ತೆ ಬರೆಯುತ್ತದೆ, ಸುಮ್ನೆ ಕೊಡಬೇಡಿ.

ಒಂದು ಎಚ್ಚರಿಕೆ. ಸಿಆರ್‌ಟಿ ಮತ್ತು ವಿಡಿಯೊ ಎರಡನ್ನೂ ಒಂದೇ ಪ್ರೋಗ್ರಾಮ್‌ನಲ್ಲಿ ಸೇರಿಸಬೇಡಿ, ಜಗಳವಾಡುತ್ತವೆ. ಒತ್ತಿದ ಕೀಲಿ ಓದಲು ಸಿಆರ್‌ಟಿಯ ರೀಡ್‌ಕೀ ಬದಲು ಕೀಬೋರ್ಡ್ ಯೂನಿಟ್ ಬಳಸಿ. ಶುರುವಿನಲ್ಲಿ ಇನಿಟ್‌ವಿಡಿಯೊ, ಕೊನೆಗೆ ಡನ್‌ವಿಡಿಯೊ. ಎರಡನೆಯದನ್ನು ನಾನೇ ಎಷ್ಟೋ ಸಲ ಮರೆತು ಟರ್ಮಿನಲ್ ಕೆಡಿಸಿಕೊಂಡಿದ್ದೇನೆ.