ಕ್ಯಾಪ್ಕಾಮ್ ಬಿಟ್ಟು ಉಳಿದವರ ಬೇಟೆಯಾಟಗಳು: ಕೊಳ್ಳುವ ಮುನ್ನ ನಾಲ್ಕು ಮಾತು

‘ದೈತ್ಯ ಮೃಗಗಳನ್ನು ಬೇಟೆಯಾಡುವ ಕ್ಯಾಪ್ಕಾಮ್ ಕಂಪನಿಯ ವಿಡಿಯೊ ಗೇಮ್ ಮಾನ್‌ಸ್ಟರ್ ಹಂಟರ್ ಸಾಕಷ್ಟು ಆಡಿದ್ದಾಯಿತು; ಅಂಥ ಆಟವನ್ನು ಬೇರೆ ಕಂಪನಿಗಳು ಚೆನ್ನಾಗಿ ಮಾಡಬಲ್ಲವೇ, ಮಾಡಿದ್ದರೆ ಯಾವುದನ್ನು ಕೊಳ್ಳಲಿ’ ಎಂದು ಕೇಳಿದ ಗದಗಿನ ಗೆಳೆಯರಿಗೆ ಧಾರವಾಡದಿಂದ ನಮಸ್ಕಾರ. ಮಾಡಬಲ್ಲರು, ಮಾಡಿಯೂ ಇದ್ದಾರೆ. ಅವರು ಎಡವಿದ್ದು ಕಾಳಗದಲ್ಲಿ ಅಲ್ಲ, ಅದರ ಸುತ್ತಲಿನ ವ್ಯವಸ್ಥೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಕ್ಯಾಪ್ಕಾಮ್ 2004ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಮೊದಲ ಮಾನ್‌ಸ್ಟರ್ ಹಂಟರ್ ತಂದಾಗ ಹಾಕಿದ ಅಡಿಪಾಯ ಇಂದಿಗೂ ಉಳಿದಿದೆ. ಮೃಗದಲ್ಲಿ ಎಷ್ಟು ಕಸುವು ಉಳಿದಿದೆ ಎಂದು ಪರದೆಯ ಮೇಲೆ ಪಟ್ಟಿ ಎಳೆದು ತೋರಿಸುವುದಿಲ್ಲ. ಅದು ಕುಂಟುವುದನ್ನು, ಜೊಲ್ಲು ಸುರಿಸುವುದನ್ನು ನೋಡಿ ನಾವೇ ಅಂದಾಜು ಮಾಡಬೇಕು. ಭಾರದ ಕತ್ತಿಯನ್ನು ಬೀಸತೊಡಗಿದ ಮೇಲೆ ಹಿಂದೆಗೆಯುವುದು ಕಷ್ಟವಾದ್ದರಿಂದ, ನಮ್ಮ ಕಡೆಯ ಗರಡಿಯಲ್ಲಿ ಪೈಲವಾನರು ಎದುರಾಳಿಯ ಹೆಗಲು ಯಾವ ಕಡೆ ವಾಲುತ್ತದೆಂದು ಕಾದು ಪಟ್ಟು ಹಾಕುವಂತೆ, ಇಲ್ಲಿಯೂ ಕಾಯುವುದನ್ನೇ ಮೊದಲು ಕಲಿಯಬೇಕಾಗುತ್ತದೆ. ಈ ಭಾರವನ್ನು ಬಿಟ್ಟು, ಮೃಗ ಕೊಂದು ಕವಚ ಹೊಲಿಸಿಕೊಳ್ಳುವುದನ್ನು ಮಾತ್ರ ನಕಲು ಮಾಡಿದ ಆಟಗಳು ಬೇಗನೆ ಸಪ್ಪೆಯಾಗುತ್ತವೆ.

ಈ ಮಾತನ್ನು ಚೆನ್ನಾಗಿ ಅರಿತವರು ಜಪಾನಿನ ಆಟ ತಯಾರಕ ತಂಡ ಒಮೆಗಾ ಫೋರ್ಸ್‌ನವರು. 2013ರ ಟೌಕಿಡೆನ್ ಎಂಬ ಬೇಟೆಯಾಟದಲ್ಲಿ ಕೈ ಪಳಗಿಸಿಕೊಂಡ ಇವರು, 2023ರ ಫೆಬ್ರವರಿಯಲ್ಲಿ ಆಟಗಳನ್ನು ಪ್ರಕಟಿಸುವ ಇಎ ಸಂಸ್ಥೆಯ ಮೂಲಕ ವೈಲ್ಡ್ ಹಾರ್ಟ್ಸ್ ಎಂಬ ಆಟ ತಂದರು. ಕಾಳಗದ ನಡುವೆಯೇ ಪೆಟ್ಟಿಗೆ, ಸ್ಪ್ರಿಂಗ್‌ಗಳನ್ನು ನಿಲ್ಲಿಸುವ ‘ಕರಕುರಿ’ ಎಂಬ ಕೌಶಲವೇ ಇದರ ಜೀವಾಳ. ಪೆಟ್ಟಿಗೆಗಳನ್ನು ಸರಿಯಾಗಿ ಪೇರಿಸಿದರೆ ಅವು ಗೋಡೆಯಾಗಿ, ಮೈಮೇಲೆ ಬರುವ ಕಾಡುಹಂದಿಯಂಥ ಮೃಗವನ್ನು ಹಿಮ್ಮೆಟ್ಟಿಸುತ್ತವೆ. ಮೊದಲ ಸಲ ಅದು ನನಗೆ ಸಿದ್ಧಿಸಿದಾಗ ಕಂಟ್ರೋಲರ್ ಕೆಳಗಿಟ್ಟು ಒಂದು ನಿಮಿಷ ಸುಮ್ಮನೆ ಕುಳಿತಿದ್ದೆ. ಇಂಥ ಹೊಸತನ ಕ್ಯಾಪ್ಕಾಮ್‌ನವರಿಗೂ ಹೊಳೆದಿರಲಿಲ್ಲ. ಆದರೆ ಬಿಡುಗಡೆಯ ವೇಳೆ ಪಿಸಿಯಲ್ಲಿ ಫ್ರೇಮ್‌ಗಳು ಕುಸಿದು ಚಿತ್ರ ತಡವರಿಸುತ್ತಿದ್ದುದರಿಂದ ಹೆಸರು ಕೆಟ್ಟಿತು. ಆಟಕ್ಕೆ ಹೊಸ ಮೃಗಗಳು ಬರುವುದೂ ಅದೇ ವರ್ಷ ನಿಂತಿತು.

ಡಾಂಟ್‌ಲೆಸ್‌ನದು ಇನ್ನೊಂದು ಬಗೆಯ ಕಥೆ. ಕೆನಡಾದ ಫೀನಿಕ್ಸ್ ಲ್ಯಾಬ್ಸ್ 2019ರಲ್ಲಿ ಉಚಿತವಾಗಿ ಕೊಟ್ಟ ಈ ಆಟದಲ್ಲಿ, 2024ರ ಡಿಸೆಂಬರ್‌ನ ಪರಿಷ್ಕರಣೆಯು ಆಯುಧ ತಯಾರಿಸಿಕೊಳ್ಳುವ ಹಳೆಯ ಪದ್ಧತಿಯನ್ನೇ ಕಿತ್ತುಹಾಕಿತು. ಆಟಗಾರರು ಸಿಟ್ಟಾದರು, 2025ರ ಮೇ 29ರಂದು ಸರ್ವರ್ ಮುಚ್ಚಿತು. ಸರ್ವರನ್ನೇ ನಂಬಿದ ಆಟವಾದ್ದರಿಂದ ಈಗ ಅದನ್ನು ಒಬ್ಬರೇ ಆಡಲೂ ಬರುವುದಿಲ್ಲ.

ಆದ್ದರಿಂದ ನಿಮ್ಮ ಪಿಸಿ ಹಳೆಯದಾಗಿದ್ದರೆ, ಅಥವಾ ನಮ್ಮಲ್ಲಿ ಆಗುವಂತೆ ಮಳೆ ಬಂದೊಡನೆ ಇಂಟರ್ನೆಟ್ ಹೋಗುತ್ತಿದ್ದರೆ, ಗಾಡ್ ಈಟರ್ 3 ಎಂಬ ಬೇಟೆಯಾಟ ತೆಗೆದುಕೊಳ್ಳಿ. ಕಂಪ್ಯೂಟರೇ ನಡೆಸುವ ಸಂಗಾತಿಗಳು ಜೊತೆಗಿರುವುದರಿಂದ ಒಂಟಿಯಾಗಿಯೂ ಆಡಬಹುದು. ಒಂದೇ ಆಯುಧ ಕತ್ತಿಯಾಗಿ, ಬಂದೂಕಾಗಿ, ಮೃಗವನ್ನು ಕಚ್ಚುವ ಬಾಯಿಯಾಗಿ ಬದಲಾಗುತ್ತದೆ. ವೇಗ ಮಾತ್ರ ಹೆಚ್ಚು. ಮೊದಲು ಹೇಳಿದ ಆ ಭಾರವನ್ನು ಇಲ್ಲಿ ಹುಡುಕಬೇಡಿ.

ಗ್ರಾಫಿಕ್ ಕಾರ್ಡ್ ಗಟ್ಟಿಯಿದ್ದರೆ ವೈಲ್ಡ್ ಹಾರ್ಟ್ಸ್ ಅನ್ನು ರಿಯಾಯಿತಿಯಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಿಂದಲೇ ಕೊಳ್ಳಿ. ಕೊಂಡ ಹದಿನಾಲ್ಕು ದಿನಗಳೊಳಗೆ, ಆಡಿದ ಅವಧಿ ಎರಡು ಗಂಟೆಗಿಂತ ಕಡಿಮೆಯಿದ್ದರೆ ಅಲ್ಲಿ ಹಣ ಮರಳಿ ಕೇಳಬಹುದು. ಆ ಎರಡು ಗಂಟೆಯನ್ನು ಪಾತ್ರದ ಮುಖ, ಕೂದಲು ತಿದ್ದುವುದರಲ್ಲಿ ಕಳೆಯದೆ, ನೇರವಾಗಿ ಮೊದಲ ದೊಡ್ಡ ಮೃಗದ ಮುಂದೆ ಹೋಗಿ ನಿಂತು ಪಿಸಿ ತಡೆಯುತ್ತದೆಯೇ ನೋಡಿಕೊಳ್ಳಿ.