ಹಳೆಯ ಯುದ್ಧವಿಮಾನದ ಮೇಲಿನ ನಂಬರನ್ನು ಹವ್ಯಾಸಿಗಳು ಯಾಕೆ ಬರೆದುಕೊಳ್ಳುತ್ತಾರೆ?

ಒಂದು ಮಾದರಿಯ ವಿಮಾನಗಳೆಲ್ಲ ನೋಡಲು ಒಂದೇ ಥರ. ಇದು ಯಾವುದು ಅಂತ ಹೇಳುವುದು ಆ ನಂಬರೇ. ವಾಯುಪಡೆಯ ಯಾವ ಸ್ಕ್ವಾಡ್ರನ್‌ನಲ್ಲಿತ್ತು (ಅಂದರೆ ಯಾವ ತುಕಡಿಯಲ್ಲಿ), ಯುದ್ಧ ಕಂಡಿತ್ತೇ ಎಂಬುದೆಲ್ಲ ಅದರಿಂದಲೇ ಪತ್ತೆಯಾಗುತ್ತದೆ. ಮ್ಯೂಸಿಯಂನವರು ಹೊಸ ಬಣ್ಣ ಬಳಿಯುವಾಗ ನಂಬರನ್ನೂ ಅಳಿಸಿಬಿಟ್ಟರೆ ಆ ಎಳೆ ಅಲ್ಲಿಗೇ ಕಡಿದುಹೋಗುತ್ತದೆ. (ನನಗೆ ಹೊಟ್ಟೆ ಉರಿಯುವುದು ಇಲ್ಲೇ.)

ಮಾದರಿ ಗುರುತಿಸುವುದು ಸುಲಭ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ತಂಡ ವಿನ್ಯಾಸ ಮಾಡಿ, 1961ರ ಜೂನ್‌ನಲ್ಲಿ ಮೊದಲ ಸಲ ಹಾರಿದ 'ಮಾರುತ್' ಯುದ್ಧವಿಮಾನ ತಗೊಳ್ಳಿ. ಹಿಂದೆ ನಿಂತು ನೋಡಿದರೆ ಎರಡು ಎಂಜಿನ್‌ನ ಬಿಸಿಗಾಳಿ ಹೊರಬರುವ ಎರಡು ಬಾಯಿ ಕಾಣುತ್ತವೆ. ನಮ್ಮ ವಾಯುಪಡೆಯಲ್ಲಿದ್ದ ಬ್ರಿಟಿಷ್ ಯುದ್ಧವಿಮಾನ ಹಂಟರ್‌ಗೆ ಒಂದೇ, ಅದು ಗಾಳಿ ಎಳೆದುಕೊಳ್ಳುವ ಕಿಂಡಿಗಳೂ ರೆಕ್ಕೆಯ ಬುಡದಲ್ಲಿರುತ್ತವೆ. ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮಾರುತ್ ಇದೆ, ಹೋಗಿ ನೋಡಿ.

ಉಳಿಸುವುದು ಮಾತ್ರ ಕಷ್ಟದ ಕೆಲಸ. ಬಯಲಲ್ಲಿ ನಿಂತ ವಿಮಾನದ ಸಂದುಗಳಲ್ಲಿ ಮಳೆನೀರು ನಿಂತು, ರಿವೆಟ್‌ಗಳ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತಾ ಬರುತ್ತದೆ. ಬಿಸಿಲಿಗೆ ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ ಮಬ್ಬಾಗಿ ಬಿರುಕು ಬಿಡುತ್ತದೆ. ಕಿಂಡಿಗೆ ಜಾಲರಿ ಹಾಕದಿದ್ದರೆ ಪಾರಿವಾಳಗಳ ಸಂಸಾರ ಶುರು. ಮೇಲೊಂದು ಸೂರು ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು. ಬಣ್ಣಕ್ಕೆ ಸುರಿಯುವ ದುಡ್ಡನ್ನು ಮೊದಲು ಅದಕ್ಕೆ ಹಾಕಬೇಕು.