ಒಂದು ಚುಕ್ಕೆ ನೋಡಿ ಇಷ್ಟೆಲ್ಲ ಹೇಗೆ ಹೇಳುತ್ತಾರೆ?

ಪ್ರಶ್ನೆ: ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ದೂರದ ಗ್ಯಾಲಕ್ಸಿ ಅಂದರೆ ಒಂದು ಕೆಂಪು ಚುಕ್ಕೆ, ಅಷ್ಟೇ. ಅದನ್ನು ನೋಡಿ ಇಷ್ಟು ದೂರ, ಇಷ್ಟು ತೂಕ ಅಂತ ಹೇಳಿಬಿಡುತ್ತಾರಲ್ಲ, ಇದು ಲೆಕ್ಕವೋ ಊಹೆಯೋ?
(ಓದುಗರೊಬ್ಬರು, ತುಮಕೂರು)

ಉತ್ತರ: ಎರಡೂ ಹೌದು. ಆದರೆ ಸುಮ್ನೆ ಊಹೆಯಲ್ಲ. ಬೇರೆ ಬೇರೆ ಬಣ್ಣದ ಫಿಲ್ಟರ್ ಹಾಕಿ ಒಂದೇ ಚುಕ್ಕೆಯ ಫೋಟೊ ತೆಗೆಯುತ್ತಾರೆ, ಒಂದೊಂದರಲ್ಲೂ ಎಷ್ಟು ಬೆಳಕು ಬಂತು ಅಂತ ಅಳೆಯುತ್ತಾರೆ. ಕೈಗೆ ಸಿಗುವುದು ಬೆರಳೆಣಿಕೆಯಷ್ಟು ಅಂಕಿ. ಆಮೇಲೆ ಕಂಪ್ಯೂಟರಿನಲ್ಲಿ ರಾಶಿ ರಾಶಿ ಮಾದರಿ ಗ್ಯಾಲಕ್ಸಿಗಳನ್ನು ಕಟ್ಟಿ, ಯಾವುದು ಈ ಅಂಕಿಗಳಿಗೆ ಹೊಂದುತ್ತದೆ ಅಂತ ಹುಡುಕುತ್ತಾರೆ.

ದೂರಕ್ಕೆ ಒಳ್ಳೆಯ ಸುಳಿವಿದೆ. 121.6 ನ್ಯಾನೊಮೀಟರಿಗಿಂತ ಚಿಕ್ಕ ಅಲೆಯ ಬೆಳಕನ್ನು ದಾರಿಯಲ್ಲಿರುವ ಹೈಡ್ರೋಜನ್ ನುಂಗಿಬಿಡುತ್ತದೆ. ವಿಶ್ವ ಹಿಗ್ಗಿದಂತೆ ಈ ಗಡಿಯೂ ಕೆಂಪಿನ ಕಡೆ ಜರುಗುತ್ತದೆ, ಗ್ಯಾಲಕ್ಸಿ ದೂರವಿದ್ದಷ್ಟೂ ಜಾಸ್ತಿ. ಒಂದು ಫಿಲ್ಟರಿನಲ್ಲಿ ಚುಕ್ಕೆ ಇದೆ, ಅದಕ್ಕಿಂತ ನೀಲಿ ಕಡೆಯದರಲ್ಲಿ ಮಾಯ ಅಂದರೆ ಗಡಿ ಸಿಕ್ಕಿತು, ದೂರವೂ ಸಿಕ್ಕಿತು.

ಸಿಗಬೇಕು, ಆದರೆ ದೂಳು ಸುಮ್ಮನಿರುವುದಿಲ್ಲ. ಹತ್ತಿರದ ಗ್ಯಾಲಕ್ಸಿಯೂ ದೂಳು ತುಂಬಿಕೊಂಡರೆ ಕೆಂಪಗೆ ಕಾಣುತ್ತದೆ. 2022ರಲ್ಲಿ ಸಿಯರ್ಸ್-93316 ಅನ್ನುವ ಚುಕ್ಕೆ ಸುದ್ದಿಯಾಗಿತ್ತು. ಮಹಾಸ್ಫೋಟವಾಗಿ ಬರೀ 24 ಕೋಟಿ ವರ್ಷಕ್ಕೆ ಇದ್ದ, ಅಂದರೆ ತೀರಾ ದೂರದ ಗ್ಯಾಲಕ್ಸಿ ಇದು ಅಂತ ಫಿಲ್ಟರ್ ಲೆಕ್ಕ ಹೇಳಿತು. 2023ರಲ್ಲಿ ಬೆಳಕನ್ನು ಎಳೆ ಎಳೆಯಾಗಿ ಬಿಡಿಸಿ ರೋಹಿತ ತೆಗೆದರೆ, ಸುಮಾರು 120 ಕೋಟಿ ವರ್ಷ ಅಂತ ಬಂತು! ಆಗಿದ್ದಿಷ್ಟು: ಅದರಲ್ಲಿ ದೂಳಿತ್ತು, ಜೊತೆಗೆ ಆಮ್ಲಜನಕ ಮತ್ತು ಹೈಡ್ರೋಜನ್‌ಗಳ ಪ್ರಖರ ಗೆರೆಗಳು (ಅವು ತಮ್ಮದೇ ನಿಗದಿತ ಬಣ್ಣಗಳಲ್ಲಿ ಸೂಸುವ ಬೆಳಕು) ಸರಿಯಾಗಿ ಕೆಂಪು ಕಡೆಯ ಫಿಲ್ಟರುಗಳ ಒಳಗೇ ಬಿದ್ದು ಅಲ್ಲಿನ ಬೆಳಕನ್ನು ಜಾಸ್ತಿ ಮಾಡಿ ತೋರಿಸಿದವು. ಅಪರೂಪದ ಕಾಕತಾಳೀಯ ಅಲ್ವಾ? ಅದೇ ಹೊತ್ತಿನಲ್ಲಿ ಪರೀಕ್ಷಿಸಿದ ಮೇಯ್ಸೀಸ್ ಗ್ಯಾಲಕ್ಸಿ ಮಾತ್ರ ಪಾಸಾಯಿತು, ಅದು ನಿಜಕ್ಕೂ ಮಹಾಸ್ಫೋಟವಾಗಿ ಸುಮಾರು 39 ಕೋಟಿ ವರ್ಷದ ಕಾಲದ್ದು.

ತೂಕದ ವಿಷಯ ಇನ್ನೂ ಕಷ್ಟ. ದೂರ ತಪ್ಪಿದರೆ ತೂಕವೂ ತಪ್ಪಿದಂತೆಯೇ. ದೂರ ಸರಿಯಿದ್ದರೂ, ಹೊಸದಾಗಿ ಹುಟ್ಟಿದ ದೊಡ್ಡ ನೀಲಿ ನಕ್ಷತ್ರಗಳು ಬೆಳಕೆಲ್ಲ ತಾವೇ ಕೊಟ್ಟುಬಿಡುತ್ತವೆ, ತೂಕ ಇರುವುದು ಕಣ್ಣಿಗೆ ಬೀಳದ ಚಿಕ್ಕ ನಕ್ಷತ್ರಗಳಲ್ಲಿ. ಚಿಕ್ಕವು ಎಷ್ಟಿವೆ ಅಂತ ನಮ್ಮ ಅಕ್ಕಪಕ್ಕದ ನಕ್ಷತ್ರಗಳನ್ನು ನೋಡಿ ಅಂದಾಜು ಮಾಡಬೇಕು. ಹಾಗಾಗಿ ಪತ್ರಿಕೆಯಲ್ಲಿ ತೂಕ ಓದಿದರೆ, ಅದರ ಎರಡು ಮೂರು ಪಟ್ಟು ಆಚೀಚೆ ಇರಬಹುದು ಅಂದುಕೊಳ್ಳಿ, ನಾನಂತೂ ಹಾಗೇ ಓದುವುದು.

ಪ್ರಶ್ನೆ: ಹಾಗಾದರೆ ಎಲ್ಲದರ ರೋಹಿತವನ್ನೂ ತೆಗೆದುಬಿಡಬಾರದಾ?
(ಅದೇ ಓದುಗರು)

ಉತ್ತರ: ಮಂದ ಚುಕ್ಕೆಯ ಬೆಳಕನ್ನು ಬಿಡಿಸಿ ಹರಡಿದರೆ ಒಂದೊಂದು ಬಣ್ಣಕ್ಕೂ ಚೂರುಪಾರೇ ಉಳಿಯುತ್ತದೆ, ಗಂಟೆಗಟ್ಟಲೆ ಕಾಯಬೇಕು. ಚಿಲಿಯ ರೂಬಿನ್ ವೀಕ್ಷಣಾಲಯ ಆರೇ ಫಿಲ್ಟರಿನಲ್ಲಿ ನೂರಾರು ಕೋಟಿ ಗ್ಯಾಲಕ್ಸಿಗಳನ್ನು ಅಳೆಯಲಿದೆ. ಅಷ್ಟಕ್ಕೂ ರೋಹಿತ ತೆಗೆಯೋದು ಆಗದ ಮಾತು. ಆಯ್ದ ಕೆಲವಕ್ಕೆ ತೆಗೆದು, ಉಳಿದವುಗಳ ಲೆಕ್ಕವನ್ನು ಅದಕ್ಕೆ ತಾಳೆ ನೋಡುತ್ತಾರೆ.